ವರದಿಗಾರನ ಬೆನ್ನ ಹಿಂದೆ ಕೂಗಿದ ಹಕ್ಕಿ ಯಾವುದು?

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ಟಿ.ವಿ.ಯಲ್ಲಿ ದೆಹಲಿಯಿಂದ ನೇರಪ್ರಸಾರ. ವರದಿಗಾರ ಯಾವುದೋ ಬಂಗಲೆಯ ಗೇಟಿನ ಮುಂದೆ ನಿಂತು ಮಾತನಾಡುತ್ತಿದ್ದ. ಅವನ ಮಾತಿನ ಸಂದಿಯಲ್ಲಿ ಮಡಿವಾಳ ಹಕ್ಕಿಯೊಂದು ಎಷ್ಟು ಸೊಗಸಾಗಿ ಸಿಳ್ಳೆ ಹಾಕುತ್ತಿತ್ತೆಂದರೆ, ನಾನು ಒಲೆಯ ಮೇಲಿಟ್ಟ ಹಾಲನ್ನು ಮರೆತು ನೋಟ್‌ಬುಕ್ ತೆಗೆದು ಬರೆಯುತ್ತ ಕುಳಿತೆ: ದೆಹಲಿ, ಬೆಳಿಗ್ಗೆ 7.20, ಮಡಿವಾಳ, ಗಂಡು, ಉದ್ದನೆಯ ಹಾಡು. ಅಷ್ಟರಲ್ಲಿ ಕರೆಂಟ್ ಹೋಯಿತು. ಟಿ.ವಿ. ಆರಿತು, ಫ್ಯಾನ್ ನಿಂತಿತು, ವರದಿಗಾರ ಬಾಯಿ ತೆರೆದಂತೆಯೇ ಮಾಯವಾದ. ಮಡಿವಾಳ ಮಾತ್ರ ಹಾಡುತ್ತಲೇ ಇತ್ತು, ತುಮಕೂರಿನ ನಮ್ಮ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ.

ಒಳಗಿನಿಂದ ಅತ್ತೆಯವರು, ‘ದೆಹಲಿ ಹಕ್ಕಿ ಬರೆದುಕೊಂಡೆಯೇನಮ್ಮ? ಇಲ್ಲಿ ಹಾಲು ಉಕ್ಕಿ ಹೋಯಿತು’ ಎಂದರು.

ಆ ದಿನದಿಂದ ಈ ಹವ್ಯಾಸಕ್ಕೆ ಒಂದು ಕ್ರಮ ಹಾಕಿಕೊಂಡಿದ್ದೇನೆ. ಟಿ.ವಿ.ಯ ಹಿನ್ನೆಲೆಯಲ್ಲಿ ಹಕ್ಕಿ ಕೂಗಿದರೆ ಕಿವಿ ನಿಮಿರುವ ಜನ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ಮೊದಲ ಕ್ಷಣದಲ್ಲೇ ಹೆಸರು ಹೇಳಲು ಹೊರಡುತ್ತಾರೆ. ಹೆಸರು ಹೇಳುವುದು ಕೊನೆಯ ಕೆಲಸ. ಕಾಡಿನಲ್ಲಿ ಕೂಗು ಕೇಳಿದರೆ ಹಕ್ಕಿ ಅಲ್ಲೇ ಎಲ್ಲೋ ಇದೆ ಎಂದು ಧೈರ್ಯವಾಗಿ ಹೇಳಬಹುದು. ಟಿ.ವಿ.ಯಲ್ಲಿ ಕೇಳಿದ ಹಕ್ಕಿ ಪರದೆಯಲ್ಲಿ ಕಾಣುವ ಊರಿನಲ್ಲಿರಬಹುದು, ಸಂಕಲನಕಾರನ ಕಂಪ್ಯೂಟರಿನಲ್ಲಿರಬಹುದು, ಎಂದೋ ಬೇರೊಂದು ಖಂಡದಲ್ಲಿ ಧ್ವನಿಮುದ್ರಣವಾದದ್ದಿರಬಹುದು, ಇಲ್ಲವೇ ನಮ್ಮದೇ ಓಣಿಯ ಟ್ಯಾಂಕಿನ ಮೇಲಿರಬಹುದು. ಆದ್ದರಿಂದ ‘ಯಾವ ಹಕ್ಕಿ’ ಎನ್ನುವ ಮೊದಲು ‘ಎಲ್ಲಿಯ ದನಿ’ ಎಂದು ಕೇಳಬೇಕು.

ಮೊದಲು ಟಿ.ವಿ.ಯ ಬಾಯಿ ಮುಚ್ಚಿಸಿ

ರಿಮೋಟಿನಲ್ಲಿ ಮ್ಯೂಟ್ ಒತ್ತಿ ನಿಧಾನವಾಗಿ ಮೂವತ್ತರವರೆಗೆ ಎಣಿಸಿ. ಕೂಗು ಮುಂದುವರಿದರೆ ಹಕ್ಕಿ ನಿಮ್ಮದು. ಎದ್ದು ಹೋಗಿ ನೋಡಿ, ಅದೂ ಲಾಭವೇ. ನಮ್ಮ ಕಡೆ ಮನೆಗಳ ಕಿಟಕಿ ವರ್ಷದ ಬಹುಪಾಲು ತೆರೆದೇ ಇರುತ್ತದೆ. ಹೊರಗಿನ ಪಿಕಳಾರ, ಗಿಳಿ, ಗೊರವಂಕ, ಕಾಗೆ ಎಲ್ಲವೂ ಒಳಗೆ ಬಂದು ಟಿ.ವಿ. ಸದ್ದಿನೊಂದಿಗೆ ಬೆರೆಯುತ್ತವೆ. ಈ ಹಕ್ಕಿಗಳು ದೆಹಲಿಯಲ್ಲೂ ಇವೆ, ತುಮಕೂರಿನಲ್ಲೂ ಇವೆ. ಮೋಸ ಹೋಗಲು ಇನ್ನೇನು ಬೇಕು?

ಅಳಿಲನ್ನು ಮರೆಯಬೇಡಿ. ಬೆಕ್ಕನ್ನೋ ಹಾವನ್ನೋ ಕಂಡ ಅಳಿಲು ಬಾಲ ಕುಣಿಸುತ್ತ ‘ಚಿಪ್ ಚಿಪ್ ಚಿಪ್’ ಎಂದು ಬಿಟ್ಟೂಬಿಡದೆ ಕೂಗುತ್ತದೆ. ಹೊಸಬರು ಹಕ್ಕಿ ಎಂದು ಬರೆದುಕೊಳ್ಳುವ ಕೂಗುಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಎರಡನೆಯ ಸ್ಥಾನ ಎಣ್ಣೆ ಕಾಣದ ಫ್ಯಾನಿಗೆ. ನಮ್ಮ ನಡುಮನೆಯ ಫ್ಯಾನ್ ಎರಡನೇ ನಂಬರಿನಲ್ಲಿ ತಿರುಗುವಾಗ ಥೇಟ್ ಟುವ್ವಿ ಹಕ್ಕಿ.

ಇದು ಯಾವ ಬಗೆಯ ಕಾರ್ಯಕ್ರಮ?

ದನಿ ಟಿ.ವಿ.ಯೊಳಗಿನದೇ ಎಂದಾದ ಮೇಲೆ ಅದನ್ನು ನಂಬಬಹುದೇ ಎಂದು ನೋಡಬೇಕು. ಎಲ್ಲ ಕಾರ್ಯಕ್ರಮಗಳೂ ಒಂದೇ ಅಲ್ಲ.

ಹೊರಾಂಗಣದ ನೇರಪ್ರಸಾರ ಎಲ್ಲಕ್ಕಿಂತ ಪ್ರಾಮಾಣಿಕ. ವರದಿಗಾರನ ಕೈಯಲ್ಲಿರುವ ಮೈಕ್ ಅವನ ಮಾತಿಗಾಗಿಯೇ ಇದ್ದರೂ ಸುತ್ತಲಿನ ಸದ್ದನ್ನು ಪೂರ್ತಿ ತಡೆಯಲಾರದು. ನೀವು ಕಾಯಬೇಕಾದ್ದು ಸ್ಟುಡಿಯೋದಿಂದ ನಿರೂಪಕಿ ಪ್ರಶ್ನೆ ಕೇಳಿ ಮುಗಿಸಿ, ಅದು ವರದಿಗಾರನ ಕಿವಿಗೆ ತಲುಪುವ ಆ ಕೆಲವು ಕ್ಷಣಗಳಿಗಾಗಿ. ಅವನು ಕಿವಿಯ ತಂತಿಯನ್ನು ಬೆರಳಿನಿಂದ ಒತ್ತಿಕೊಂಡು ಸುಮ್ಮನೆ ತಲೆಯಾಡಿಸುತ್ತ ನಿಂತಿರುತ್ತಾನೆ, ಮೈಕ್ ತೆರೆದೇ ಇರುತ್ತದೆ. ಅಷ್ಟು ಹೊತ್ತು ಆ ಊರೇ ಮಾತನಾಡುತ್ತದೆ. ಕಷ್ಟವೆಂದರೆ ಸುದ್ದಿವಾಹಿನಿಗಳ ಹಿನ್ನೆಲೆ ಸಂಗೀತ. ಸೋನೆಮಳೆಯ ಸುದ್ದಿಗೂ ಕುರುಕ್ಷೇತ್ರದ ನಗಾರಿ ಬಾರಿಸಿದರೆ ಪಾಪದ ಸೂರಕ್ಕಿಯ ದನಿ ಎಲ್ಲಿ ಕೇಳಬೇಕು? ಪತ್ರಿಕಾಗೋಷ್ಠಿ, ದೇವಸ್ಥಾನದ ಬೆಳಗಿನ ಪೂಜೆಯ ನೇರಪ್ರಸಾರ, ದೂರದರ್ಶನ ಚಂದನದಲ್ಲಿ ಬರುವ ಕೃಷಿ ಕಾರ್ಯಕ್ರಮಗಳು, ಟೆಸ್ಟ್ ಕ್ರಿಕೆಟ್ – ನನ್ನ ನೋಟ್‌ಬುಕ್ಕಿನ ಬಹುಪಾಲು ಹಕ್ಕಿಗಳು ಇವುಗಳಿಂದ ಬಂದಿವೆ. ರೈತರು ಅಡಿಕೆ ತೋಟದ ನಡುವೆ ನಿಂತು, ಎರಡು ಮಾತಿನ ಮಧ್ಯೆ ಉಸಿರು ಬಿಟ್ಟು ಮಾತನಾಡುತ್ತಾರೆ. ಅಂಥವರ ಹಿಂದೆ ಹಕ್ಕಿಗೂ ಒಂದು ಅವಕಾಶ ಸಿಗುತ್ತದೆ.

ಕ್ರಿಕೆಟ್‌ನಲ್ಲಿ ಸ್ಟಂಪಿನ ಮೈಕ್ ಒಂದೇ ಅಲ್ಲ, ಮೈದಾನದ ಸುತ್ತಲೂ ಮೈಕ್‌ಗಳಿರುತ್ತವೆ. ಜನ ಕಡಿಮೆ ಇರುವ ಟೆಸ್ಟ್ ಪಂದ್ಯದ ಬೆಳಗಿನ ಮೊದಲ ಗಂಟೆ ನನಗೆ ಪ್ರಿಯ. ಡಿಸೆಂಬರ್ ಚಳಿಯಲ್ಲಿ ಐದು ಗಂಟೆಗೆ ಎದ್ದು ರಗ್ಗು ಹೊದ್ದು ಆಸ್ಟ್ರೇಲಿಯಾದ ಪಂದ್ಯ ನೋಡುವಾಗ ಕೇಳುವ ಕಡಲಕ್ಕಿಗಳ ಗಲಾಟೆ ನಮ್ಮ ಊರಿನ ಯಾವ ಹಕ್ಕಿಗೂ ಹೋಲುವುದಿಲ್ಲ. ಅಲ್ಲಿನ ಮೈದಾನಗಳಲ್ಲಿ ನಮ್ಮ ಟಿಟ್ಟಿಭದ ದಾಯಾದಿಯೂ ಒಂದಿದೆ, ಮುಖದ ಮೇಲೆ ಹಳದಿ ಮುಖವಾಡ ತೊಟ್ಟದ್ದು. ದನಿ ಕೇಳಿದ ಕೂಡಲೇ ‘ಇದು ನಮ್ಮವರ ಪೈಕಿ’ ಎನಿಸುತ್ತದೆ, ಆದರೆ ಪದಗಳು ಬೇರೆ.

ಆದರೆ ಕ್ರೀಡಾ ಪ್ರಸಾರವೆಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬುವಂತಿಲ್ಲ. 2000ರಲ್ಲಿ ಅಮೆರಿಕದ ಗಾಲ್ಫ್ ಪ್ರಸಾರಗಳಲ್ಲಿ ಆ ಜಾಗಕ್ಕೂ ಆ ಕಾಲಕ್ಕೂ ಸೇರದ ಹಕ್ಕಿಗಳು ಹಾಡುತ್ತಿವೆ ಎಂದು ಅಲ್ಲಿನ ಪಕ್ಷಿವೀಕ್ಷಕರು ಮನೆಯಲ್ಲಿ ಕುಳಿತೇ ಪತ್ತೆ ಹಚ್ಚಿದರು. ಮೊದಲೇ ಮುದ್ರಿಸಿಟ್ಟ ಹಕ್ಕಿ ಹಾಡನ್ನು ಪ್ರಸಾರದಲ್ಲಿ ಬೆರೆಸಿದ್ದೇವೆ ಎಂದು ಸಿಬಿಎಸ್ ವಾಹಿನಿ ಒಪ್ಪಿಕೊಳ್ಳಬೇಕಾಯಿತು. ನಮ್ಮ ಹವ್ಯಾಸದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಗೆಲುವು ನನಗೆ ಗೊತ್ತಿಲ್ಲ.

ವನ್ಯಜೀವಿ ಸಾಕ್ಷ್ಯಚಿತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಷ್ಟು ದೂರದಿಂದ ದೊಡ್ಡ ಲೆನ್ಸ್ ಹಾಕಿ ತೆಗೆದ ಚಿತ್ರಕ್ಕೆ ಹತ್ತಿರದ ಸದ್ದು ಸಿಗುವುದಿಲ್ಲ. ಹಾಗಾಗಿ ದನಿಯನ್ನು ಬೇರೆಯಾಗಿ ಮುದ್ರಿಸಿ ಆಮೇಲೆ ಕೂಡಿಸುವುದೇ ರೂಢಿ. ಇನ್ನು ಕನ್ನಡಕ್ಕೆ ಡಬ್ ಆದ ಇಂಗ್ಲಿಷ್ ಸಿನಿಮಾಗಳು. ಅಲ್ಲಿ ಕಾಡೆಂದರೆ ಯಾವ ಖಂಡದ ಕಾಡಾದರೂ ಸರಿ, ‘ಹ್ಹ ಹ್ಹ ಹ್ಹಾ’ ಎಂದು ನಗುವ ಕುಕಬುರ್ರ ಬೇಕೇ ಬೇಕು. ಅದು ಆಸ್ಟ್ರೇಲಿಯಾದ ಹಕ್ಕಿ, ನಮ್ಮ ಮಿಂಚುಳ್ಳಿಯ ಕುಟುಂಬದ್ದು. ಅಲ್ಲಿನ ಕ್ರಿಕೆಟ್ ಚೆಂಡಿನ ಹೆಸರಾಗಿ ನಮಗೆ ಮೊದಲೇ ಪರಿಚಿತ. ಅಮೆರಿಕದ ರಾಷ್ಟ್ರಪಕ್ಷಿಯಾದ ಬಾಲ್ಡ್ ಈಗಲ್ ತೆರೆಯ ಮೇಲೆ ಗಂಭೀರವಾಗಿ ಕಿರುಚಿದರೆ ಆ ದನಿ ಹೆಚ್ಚಾಗಿ ಕೆಂಪು ಬಾಲದ ಗಿಡುಗವೊಂದರದ್ದು. ಈಗಲ್‌ನ ಸ್ವಂತ ದನಿ ಅದರ ಗಾತ್ರಕ್ಕೆ ಹೊಂದದಷ್ಟು ಕೀಚಲು.

ಅದೇ ಕಾಗೆ, ಅದೇ ಗುಬ್ಬಿ

ಧಾರಾವಾಹಿಗಳಿಗೆ ಬೇರೆಯೇ ಪರೀಕ್ಷೆ. ಅತ್ತೆಯವರು ರಾತ್ರಿ ನೋಡುವ ಒಂದು ಧಾರಾವಾಹಿಯಲ್ಲಿ ಬೆಳಗಾಯಿತೆಂದರೆ ನಾಯಕಿ ರಂಗೋಲಿ ಹಾಕುತ್ತಾಳೆ, ಹಿಂದೆ ಹಕ್ಕಿಗಳು ಚಿಲಿಪಿಲಿಗುಟ್ಟುತ್ತವೆ. ಒಂದು ವಾರ ಕುಳಿತು ಬರೆದುಕೊಂಡೆ. ಗುಬ್ಬಿ ಮೂರು ಸಲ, ಆಮೇಲೆ ಗೊರವಂಕದ ಒಂದು ಸಿಳ್ಳೆ, ಸ್ವಲ್ಪ ಬಿಟ್ಟು ದೂರದಲ್ಲಿ ಕಾಗೆ ಎರಡು ಸಲ, ಮತ್ತೆ ಗುಬ್ಬಿ ಮೂರು ಸಲ. ಗೋಡೆ ಗಡಿಯಾರ ನೋಡಿದರೆ ಸರಿಯಾಗಿ ಹನ್ನೆರಡು ಸೆಕೆಂಡಿಗೊಂದು ಸುತ್ತು. ಸೋಮವಾರವೂ ಅಷ್ಟೇ, ಶುಕ್ರವಾರವೂ ಅಷ್ಟೇ. ಕಥೆ ಆಸ್ಪತ್ರೆಗೆ ಹೋಯಿತು. ನಾಯಕಿಯ ಮಾವ ಐಸಿಯುವಿನಲ್ಲಿ ಮಲಗಿದ್ದರು. ಕಿಟಕಿಯೇ ಇಲ್ಲದ ಆ ಕೋಣೆಯಲ್ಲೂ ಗುಬ್ಬಿ ಮೂರು ಸಲ, ಗೊರವಂಕ ಒಂದು ಸಲ.

‘ಅತ್ತೆ, ಈಗ ಕಾಗೆ ಬರುತ್ತದೆ ನೋಡಿ’ ಎಂದೆ. ಬಂತು. ‘ನಿನ್ನಿಂದ ನನಗೆ ಅಳುವುದಕ್ಕೂ ಆಗುವುದಿಲ್ಲ’ ಎಂದು ಬೈದರು. ಅವರು ಕಣ್ಣೀರು ಒರೆಸಿಕೊಳ್ಳುವ ಹೊತ್ತಿಗೆ ಕಾಗೆ ಎಣಿಸಿದ್ದು ನನ್ನದೇ ತಪ್ಪು.

ಪರೀಕ್ಷೆ ಇಷ್ಟೇ: ಎರಡು ನಿಮಿಷ ಕೇಳಿ, ಕೂಗುಗಳ ಸರದಿಯನ್ನು ಬರೆದುಕೊಳ್ಳಿ. ಜೀವಂತ ಹಕ್ಕಿ ತನ್ನ ಕೂಗನ್ನು ಪುನರಾವರ್ತಿಸಬಹುದು, ಆದರೆ ಮೂರು ಜಾತಿಯ ಹಕ್ಕಿಗಳು ಒಂದೇ ಅಂತರದಲ್ಲಿ ಅದೇ ಸರದಿಯನ್ನು ಎರಡನೇ ಸಲ ಪಾಲಿಸುವುದಿಲ್ಲ. ಇನ್ನೊಂದು ಸುಳಿವು: ಕ್ಯಾಮೆರಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೆಗೆದಾಗ ನಿಜವಾದ ಹಿನ್ನೆಲೆ ಸದ್ದು ಎಲ್ಲೋ ಒಂದು ಕಡೆ ಕತ್ತರಿಸಿದಂತಾಗುತ್ತದೆ, ಕೂಗು ಅರ್ಧಕ್ಕೆ ನಿಲ್ಲುತ್ತದೆ. ದೃಶ್ಯ ಹತ್ತು ಸಲ ಬದಲಾದರೂ ಹಕ್ಕಿಯ ಹಾಡು ಹೊಳೆಯಂತೆ ಹರಿಯುತ್ತಿದ್ದರೆ ಅದನ್ನು ಆಮೇಲೆ ಹಾಸಿದ್ದಾರೆ ಎಂದೇ ಅರ್ಥ.

ಬೇರೆ ಭಾಷೆಯಿಂದ ಡಬ್ ಆದ ಧಾರಾವಾಹಿಯಲ್ಲಿ ಮಾತಷ್ಟೇ ಕನ್ನಡದ್ದು. ಸಂಗೀತ ಮತ್ತು ಇತರ ಸದ್ದುಗಳನ್ನು ಸಾಮಾನ್ಯವಾಗಿ ಮೂಲದಿಂದಲೇ ಉಳಿಸಿಕೊಂಡಿರುತ್ತಾರೆ. ಮಾತು ಕೇಳಿ ಮಂಡ್ಯ ಎಂದುಕೊಳ್ಳಬೇಡಿ.

ಊರು, ತಿಂಗಳು, ಹೊತ್ತು

ನಂಬಬಹುದಾದ ಪ್ರಸಾರ ಸಿಕ್ಕಿತೆಂದಾದರೆ ಮೂರು ವಿವರ ಬರೆದುಕೊಳ್ಳಿ. ಚಿತ್ರೀಕರಣ ನಡೆದ ಊರು, ತಿಂಗಳು, ದಿನದ ಯಾವ ಹೊತ್ತು. ಸುದ್ದಿಯ ಕೆಳಪಟ್ಟಿಯಲ್ಲಿ ಊರಿನ ಹೆಸರು ಇರುತ್ತದೆ. ಮೂಲೆಯ ಗಡಿಯಾರ ಪ್ರಸಾರದ ಹೊತ್ತನ್ನು ಮಾತ್ರ ಹೇಳುತ್ತದೆ. ಬೆಳಿಗ್ಗೆಯ ತುಣುಕನ್ನು ರಾತ್ರಿಯವರೆಗೂ ತಿರುಗಿಸುತ್ತಲೇ ಇರುತ್ತಾರೆ. ಆದ್ದರಿಂದ ನೆಲದ ಮೇಲಿನ ನೆರಳು ನೋಡಿ. ನೆರಳು ಉದ್ದವಿದ್ದರೆ ಬೆಳಿಗ್ಗೆ ಅಥವಾ ಸಂಜೆ, ಕಾಲಡಿಯಲ್ಲಿದ್ದರೆ ನಡುಮಧ್ಯಾಹ್ನ.

ತಿಂಗಳು ಏಕೆ ಬೇಕೆಂದರೆ ಹಕ್ಕಿಗಳ ಹಾಡಿಗೆ ಪಂಚಾಂಗವಿದೆ. ಕೋಗಿಲೆಯ ಗಂಡು ಯುಗಾದಿಯ ಮುಂಚಿನಿಂದ ಮಳೆಗಾಲದ ನಡುವಿನವರೆಗೆ ಎದೆ ತುಂಬಿ ಕೂಗುತ್ತದೆ, ಆಮೇಲೆ ದನಿ ಇಳಿಸುತ್ತದೆ. ಕಾರ್ತಿಕದ ದೀಪೋತ್ಸವದ ದೃಶ್ಯದಲ್ಲಿ ಕೋಗಿಲೆ ವಸಂತದ ಉತ್ಸಾಹದಲ್ಲಿ ಕೂಗುತ್ತಿದ್ದರೆ ಹುಬ್ಬೇರಿಸಬೇಕು. ನವರಂಗ ಹಕ್ಕಿ ನಮ್ಮ ಕಡೆಗೆ ಚಳಿಗಾಲಕ್ಕೆ ಬರುವ ಅತಿಥಿ. ಅದರ ಎರಡು ಸ್ವರದ ಸಿಳ್ಳೆ ಮುಂಜಾನೆ ಮತ್ತು ಮುಸ್ಸಂಜೆಗೆ ಮೀಸಲು. ಕುಂಡೆಕುಸ್ಕಗಳಲ್ಲೂ ಹಲವು ಚಳಿಗಾಲದವು. ಹೊತ್ತಿನ ಮಾತಿಗೆ ಬಂದರೆ ರಾತ್ರಿ ಎಂದ ಕೂಡಲೇ ಗೂಬೆ ಎನ್ನಬೇಡಿ. ಟಿಟ್ಟಿಭ ನಡುರಾತ್ರಿಯಲ್ಲೂ ಕೂಗುತ್ತ ಹಾರುತ್ತದೆ, ಕೋಗಿಲೆಯೂ ಬೆಳುದಿಂಗಳಿಗೆ ಸೋತು ಕೂಗುವುದುಂಟು.

ಗೂಬೆಯ ಮಾತು ಬಂದಾಗ ಒಂದು ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಕೇಳುವುದು ಹಾಲಕ್ಕಿ, ಬುಡಬುಡಿಕೆಯವರು ಶಕುನ ನುಡಿಯುವಾಗ ಕರೆಯುವ ಅದೇ ಹಾಲಕ್ಕಿ. ಅದು ಎರಡು ಮೂರು ಸೇರಿಕೊಂಡು ‘ಚಿರ್ರ್ ಚಿರ್ರ್, ಚಿವಕ್ ಚಿವಕ್’ ಎಂದು ನೆಂಟರ ಜಗಳದಂತೆ ಕಿರುಚಾಡುತ್ತದೆ. ಟಿ.ವಿ.ಯ ಅಮಾವಾಸ್ಯೆಗೆ ಮಾತ್ರ ‘ಹೂ... ಹೂ...’ ಎಂಬ ಒಂದೇ ಗೂಬೆ. ಅದು ದಶಕಗಳಿಂದ ಒಂದೇ ಮರದ ಮೇಲೆ ಕುಳಿತಿದೆ.

ಕಿವಿಗೆ ಹತ್ತಿರ ತಂದುಕೊಳ್ಳಿ

ಟಿ.ವಿ.ಯ ಸ್ಪೀಕರ್ ಸಣ್ಣದು. ಕೆಂಬೂತದ ‘ಕೂಪ್ ಕೂಪ್’ನಂಥ ತಗ್ಗಿನ ದನಿ ಅದರಲ್ಲಿ ಅರ್ಧಕ್ಕರ್ಧ ಸೋರಿ ಹೋಗುತ್ತದೆ. ಸಾಧಾರಣ ತಂತಿಯ ಇಯರ್‌ಫೋನ್ ಆದರೂ ಸರಿ, ಹಾಕಿಕೊಂಡು ಕೇಳಿ. ಟಿ.ವಿ.ಯ ಧ್ವನಿ ಸೆಟ್ಟಿಂಗಿನಲ್ಲಿ ಮಾತನ್ನು ಸ್ಪಷ್ಟಗೊಳಿಸುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿಬಿಡಿ. ಅದು ಮಾತನ್ನು ಮೇಲಕ್ಕೆತ್ತಿ ಉಳಿದದ್ದನ್ನು ಅದುಮುತ್ತದೆ. ನಮಗೆ ಬೇಕಿರುವುದೇ ಆ ಉಳಿದದ್ದು.

ಅದೇ ತುಣುಕು ವಾಹಿನಿಯ ಯೂಟ್ಯೂಬ್ ಪುಟದಲ್ಲಿ ಇದೆಯೇ ನೋಡಿ. ಇದ್ದರೆ ಅರ್ಧ ಕೆಲಸ ಮುಗಿದಂತೆ: ಹಿಂದೆ ಸರಿಸಿ ಮತ್ತೆ ಮತ್ತೆ ಕೇಳಬಹುದು, ವೇಗವನ್ನು ಅರ್ಧಕ್ಕಿಳಿಸಿ ಸೂರಕ್ಕಿಯ ಅವಸರದ ಹಾಡನ್ನು ಬಿಡಿಸಿಕೊಳ್ಳಬಹುದು. ಸಿಗದಿದ್ದರೆ ಮೊಬೈಲನ್ನು ಟಿ.ವಿ. ಸ್ಪೀಕರಿನಿಂದ ಒಂದು ಗೇಣು ದೂರದಲ್ಲಿಟ್ಟು ಮುದ್ರಿಸಿಕೊಳ್ಳಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕುಕ್ಕರ್ ಕೂಗದ ಹೊತ್ತು ನೋಡಿಕೊಳ್ಳಿ. ಹಕ್ಕಿಗಳ ಹಾಡಿನ ಬಹುಪಾಲು 1ರಿಂದ 8 ಕಿಲೋಹರ್ಟ್ಸ್ ಒಳಗೆ ಇರುವುದರಿಂದ ಪ್ರಸಾರದಲ್ಲಿ ದನಿಯನ್ನು ಎಷ್ಟು ಹಿಂಡಿದರೂ ಹಾಡು ಬದುಕಿ ಉಳಿಯುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಆದ್ದರಿಂದ ಮನೆಯ ಮಕ್ಕಳಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅಕ್ಷರದಲ್ಲಿ ಬರೆಯಿರಿ

ಕೇಳಿದ್ದನ್ನು ಕೂಡಲೇ ಕನ್ನಡದ ಅಕ್ಷರಗಳಲ್ಲಿ ಬರೆಯಿರಿ. ಈ ಕೆಲಸಕ್ಕೆ ನಮ್ಮ ಭಾಷೆ ಹೇಳಿ ಮಾಡಿಸಿದಂತಿದೆ. ಹ್ರಸ್ವ, ದೀರ್ಘ, ಒತ್ತಕ್ಷರ ಎಲ್ಲ ಕೈಗೆ ಸಿದ್ಧವಾಗಿವೆ. ಕುಟ್ರು, ಟಿಟ್ಟಿಭ, ಟುವ್ವಿ ಇವು ಹೆಸರಾಗುವ ಮೊದಲು ಕೂಗುಗಳೇ ಆಗಿದ್ದವು. ನಮ್ಮ ಹಿರಿಯರು ಹಕ್ಕಿಯ ಬಾಯಿಂದಲೇ ಅದರ ಹೆಸರನ್ನು ಎತ್ತಿಕೊಂಡರು. ಅಕ್ಷರದ ಮೇಲೆ ಒಂದು ಗೆರೆ ಎಳೆದು ಸ್ವರ ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸಿ. ಕೋಗಿಲೆಯಾದರೆ ‘ಕುಹೂ’ ಒಂದೊಂದೂ ಹಿಂದಿನದಕ್ಕಿಂತ ಎತ್ತರಕ್ಕೇರಿ, ಇನ್ನು ಏರಲಾಗದು ಎಂಬಲ್ಲಿ ತಟಕ್ಕನೆ ನಿಂತು, ಮತ್ತೆ ಕೆಳಗಿನಿಂದ ಶುರುವಾಗುತ್ತದೆ. ಕುಟ್ರು ‘ಕುಟ್ರೂ ಕುಟ್ರೂ ಕುಟ್ರೂ’ ಎಂದು ಒಂದೇ ಮಟ್ಟದಲ್ಲಿ ಉಸಿರುಗಟ್ಟುವವರೆಗೂ ಹೇಳುತ್ತದೆ. ನಾಮದ ಚಿಲುಮೆಯ ಕಡೆ ಹೋದವರಿಗೆ ಇದು ಗೊತ್ತು. ಮಿಂಚುಳ್ಳಿಯದು ಮೇಲಿನಿಂದ ಕೆಳಕ್ಕೆ ಜಾರುವ ಕಿಲಕಿಲ. ಹರಟೆಮಲ್ಲಗಳದು ಸಂತೆ.

ಅನುಕರಣೆ ಮಾಡುವ ಕಳ್ಳರೂ ಇದ್ದಾರೆ. ಎಲೆಹಕ್ಕಿ ಒಂದೇ ಕೊಂಬೆಯಲ್ಲಿ ಕುಳಿತು ಪಿಕಳಾರ, ಟುವ್ವಿ, ಕಾಜಾಣ ಮೂವರ ದನಿಯನ್ನೂ ಒಂದರ ಹಿಂದೊಂದು ತೆಗೆಯಬಲ್ಲದು. ಹತ್ತು ಸೆಕೆಂಡಿನಲ್ಲಿ ನಾಲ್ಕು ಜಾತಿ ಸಿಕ್ಕಿ, ಎಲ್ಲವೂ ಒಂದೇ ದಿಕ್ಕಿನಿಂದ ಬಂದರೆ ಖುಷಿಪಡುವ ಮುನ್ನ ಎಲೆಹಕ್ಕಿಯನ್ನು ನೆನೆಯಿರಿ.

ಲಾಳವೋ, ಹಕ್ಕಿಯೋ

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಶಿವರಾತ್ರಿಯ ಆಸುಪಾಸಿನಲ್ಲಿ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಟಿ.ವಿ.ಯಲ್ಲಿ ಅದರ ವರದಿ. ಹಳ್ಳಿಕಾರ್ ಜೋಡಿಯೊಂದರ ಮುಂದೆ ನಿಂತು ವರದಿಗಾರ ಬೆಲೆ ಕೇಳುತ್ತಿದ್ದಾನೆ. ಹಿಂದೆ ಎಲ್ಲಿಂದಲೋ ‘ಟೊಂಕ್, ಟೊಂಕ್, ಟೊಂಕ್’. ಕಂಚುಗಾರ ಹಕ್ಕಿ ಎಂದು ನನ್ನ ಮೊದಲ ಊಹೆ. ಚಿಟ್ಟುಕುಟುರ ಎಂದೂ ಕರೆಯುತ್ತಾರೆ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಹಸಿರು ಮೈ, ಹಣೆಯ ಮೇಲೆ ಕುಂಕುಮದ ಬೊಟ್ಟು. ಜಾತ್ರೆಯ ಬಯಲಿನ ಸುತ್ತ ಮರಗಳಿವೆ, ತಿಂಗಳು ಸರಿಯಾಗಿದೆ, ಬಿಸಿಲು ಏರಿದ ಹೊತ್ತು. ಎಲ್ಲವೂ ಹೊಂದುತ್ತದೆ. ಆದರೆ ಅದು ದನಗಳ ಜಾತ್ರೆ. ಅಲ್ಲಿ ಎತ್ತುಗಳಿಗೆ ಲಾಳ ಹೊಡೆಯುವವರೂ ಇರುತ್ತಾರೆ.

ವಿಡಿಯೊ ಹುಡುಕಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಕಂಚುಗಾರ ಹಕ್ಕಿಯ ಲಕ್ಷಣಗಳು ಖಚಿತ: ಮೊದಲ ಒಂದೆರಡು ಕೂಗು ಮೆಲ್ಲಗೆ, ಆಮೇಲೆ ಗಡಿಯಾರದಂತೆ ಸಮನಾದ ಲಯ, ನಿಮಿಷಕ್ಕೆ ನೂರಕ್ಕೂ ಹೆಚ್ಚು, ಸ್ವರ ಕೂದಲೆಳೆಯಷ್ಟೂ ಕದಲದು. ಕೊಕ್ಕು ತೆರೆಯದೆ ಗಂಟಲನ್ನು ಉಬ್ಬಿಸಿ ಕೂಗುತ್ತ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಒಮ್ಮೆ ಹತ್ತಿರ ಒಮ್ಮೆ ದೂರ ಎನಿಸುತ್ತದೆ. ಲಾಳ ಹೊಡೆಯುವವನ ಸುತ್ತಿಗೆ ಹೀಗಲ್ಲ. ನಾಲ್ಕೈದು ಏಟು, ನಿಲುಗಡೆ, ಮತ್ತೆ ನಾಲ್ಕೈದು ಏಟು. ಮೊಳೆ ಒಳಗಿಳಿದಂತೆ ಸದ್ದೂ ಬದಲಾಗುತ್ತದೆ. ಆ ತುಣುಕಿನಲ್ಲಿ ಐದು ಏಟಾಗಿ ನಿಂತಿತು. ಎರಡು ಕ್ಷಣ ಬಿಟ್ಟು ಮತ್ತೆ ಐದು. ಕೊನೆಯ ಏಟು ಮಂದ. ಲಾಳವೇ. ನಿರಾಸೆಯಿಂದ ಇಯರ್‌ಫೋನ್ ತೆಗೆಯಬೇಕೆನ್ನುವಾಗ, ಸುತ್ತಿಗೆ ನಿಂತ ಮೌನದಲ್ಲಿ, ಬಹಳ ದೂರದಲ್ಲಿ, ಸಮನಾದ ಲಯದಲ್ಲಿ ನಿಜವಾದ ಕಂಚುಗಾರ ಹಕ್ಕಿ ಶುರುಮಾಡಿತು. ಎಂಥ ಜಾತ್ರೆಯಾದರೂ ಅದಕ್ಕೆ ತನ್ನ ಕಸುಬು ನಿಲ್ಲಿಸುವ ಅಗತ್ಯ ಕಾಣುವುದಿಲ್ಲ.

ಆ್ಯಪ್‌ಗಳನ್ನು ಕೇಳುವ ರೀತಿ

ಇಷ್ಟಾದ ಮೇಲೆ ಮೊಬೈಲಿನ ಸಹಾಯ ತೆಗೆದುಕೊಳ್ಳಿ, ಮೊದಲಿಗೇ ಬೇಡ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್‌ಗೆ 2021ರಲ್ಲಿ ದನಿ ಗುರುತಿಸುವ ಸೌಲಭ್ಯ ಬಂತು. ಅಲ್ಲಿನವರೂ ಜರ್ಮನಿಯವರೂ ಸೇರಿ ರೂಪಿಸಿದ ಬರ್ಡ್‌ನೆಟ್ ಇನ್ನೊಂದು. ಎರಡೂ ಉಚಿತ. ಆದರೆ ಈ ಆ್ಯಪ್‌ಗಳು ಹಕ್ಕಿಯನ್ನು ಊಹಿಸುವಾಗ ನೀವಿರುವ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ನೀವು ತುಮಕೂರಿನ ಸೋಫಾ ಮೇಲೆ ಕುಳಿತು ಮೆಲ್ಬರ್ನ್ ಮೈದಾನದ ದನಿ ಕೇಳಿಸಿದರೆ ಅದು ತುಮಕೂರಿನ ಹಕ್ಕಿಗಳ ಪೈಕಿ ಒಂದನ್ನು ಹುಡುಕಿ ಕೊಡಲು ಹೆಣಗಾಡುತ್ತದೆ. ತಪ್ಪು ಅದರದ್ದಲ್ಲ. ಜಾಗ ಮತ್ತು ದಿನಾಂಕವನ್ನು ಪ್ರಸಾರದ ಊರಿಗೆ ಬದಲಿಸಿಕೊಂಡ ಮೇಲೆ ಕೇಳಿ. ವರದಿಗಾರನ ಮಾತಿರುವ ಭಾಗವನ್ನು ಕತ್ತರಿಸಿ ಶುದ್ಧ ಕೂಗಿರುವ ಐದಾರು ಸೆಕೆಂಡನ್ನಷ್ಟೇ ಕೊಡಿ.

ಆ್ಯಪ್ ಹೇಳುವ ಹೆಸರಿಗಿಂತ ಅದು ತೋರಿಸುವ ದನಿಯ ಚಿತ್ರ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಸ್ಪೆಕ್ಟ್ರೋಗ್ರಾಮ್ ಎನ್ನುವ ಅದರಲ್ಲಿ ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಕಂಚುಗಾರ ಹಕ್ಕಿ ರಂಗೋಲಿಯ ಚುಕ್ಕಿಗಳನ್ನು ಒಂದೇ ಸಾಲಿಗೆ ಇಟ್ಟ ಹಾಗೆ ಕಾಣುತ್ತದೆ. ಕೋಗಿಲೆ ಮೆಟ್ಟಿಲೇರುವ ಕೊಕ್ಕೆಗಳು. ಮನುಷ್ಯರ ಮಾತು ತಳದಲ್ಲಿ ಒಂದರ ಮೇಲೊಂದು ಪೇರಿಸಿದ ಚಾಪೆ. ಧಾರಾವಾಹಿಯ ಹನ್ನೆರಡು ಸೆಕೆಂಡಿನ ಮೋಸವಂತೂ ಈ ಚಿತ್ರದಲ್ಲಿ ಸೀರೆಯ ಅಂಚಿನ ಹೂವಿನಂತೆ ಒಂದೇ ಅಂತರದಲ್ಲಿ ಮರಳಿ ಬರುತ್ತದೆ. ಕಿವಿ ಬೇಡ, ಕಣ್ಣೇ ಸಾಕು.

ಆ್ಯಪ್ ಕೊಟ್ಟ ಹೆಸರನ್ನು ಝೀನೋ-ಕ್ಯಾಂಟೋ ತಾಣದಲ್ಲಿ ಹಾಕಿ ಹೋಲಿಸಿ. 2005ರಲ್ಲಿ ಶುರುವಾದ ಈ ತಾಣದಲ್ಲಿ ಜಗತ್ತಿನ ಹಕ್ಕಿಗಳ ದನಿ ಇದೆ, ಮುದ್ರಿಸಿದ ಊರಿನ ಹೆಸರೂ ಇರುತ್ತದೆ. ಆದಷ್ಟು ಹತ್ತಿರದ ಊರಿನ ದನಿಯನ್ನೇ ಆರಿಸಿ. ಪಕ್ಷಿವೀಕ್ಷಕರು ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಈಬರ್ಡ್ ತಾಣದ ನಕ್ಷೆಯಲ್ಲಿ ಆ ಹಕ್ಕಿ ಆ ತಿಂಗಳಲ್ಲಿ ಆ ಕಡೆ ಕಂಡಿದೆಯೇ ಎಂದೂ ನೋಡಬಹುದು. ನೋಡಿ, ಅಷ್ಟೇ. ಟಿ.ವಿ.ಯಲ್ಲಿ ಕೇಳಿದ ಹಕ್ಕಿಯನ್ನು ಈಬರ್ಡ್ ಪಟ್ಟಿಗೆ ಸೇರಿಸಬೇಡಿ. ಅದು ಆ ಜಾಗದಲ್ಲಿದ್ದು ಸ್ವತಃ ಕಂಡ, ಕೇಳಿದ ಹಕ್ಕಿಗಳಿಗಾಗಿ ಇರುವ ಲೆಕ್ಕದ ಪುಸ್ತಕ.

ಯಾವ ಆ್ಯಪ್ ಇದ್ದರೂ ಸುತ್ತಮುತ್ತಲಿನ ಹದಿನೈದು ಕೂಗುಗಳು ಬಾಯಿಪಾಠವಾಗಿರದಿದ್ದರೆ ಈ ಹವ್ಯಾಸ ಸಾಗುವುದಿಲ್ಲ. ಅಮಾನಿಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗ್‌ನಲ್ಲಿ ಇಯರ್‌ಫೋನ್ ಕಿತ್ತಿಟ್ಟು ನಡೆಯಿರಿ. ಬಿಡುವಿದ್ದರೆ ದೇವರಾಯನದುರ್ಗಕ್ಕೆ ಹೋಗಿ. ಅಲ್ಲಿನ ಬಂಡೆಗಳ ನಡುವಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ದುರ್ಗದ ತೇರಿನ ಪ್ರಸಾರ ಬಂದಾಗಲೆಲ್ಲ ಅದರ ದನಿಗಾಗಿ ಕಾಯುತ್ತೇನೆ. ಧ್ವನಿವರ್ಧಕದ ಭಕ್ತಿಗೀತೆ ಇದುವರೆಗೆ ಅವಕಾಶ ಕೊಟ್ಟಿಲ್ಲ.

ಬರೆದಿಡುವುದು

ನೋಟ್‌ಬುಕ್ಕಿನಲ್ಲಿ ನಾನು ಹೆಸರಿನ ಮುಂದೆ ಮೂರರಲ್ಲಿ ಒಂದು ಪದ ಬರೆಯುತ್ತೇನೆ: ಖಚಿತ, ಇರಬಹುದು, ಪ್ರಶ್ನೆ. ಹತ್ತರಲ್ಲಿ ನಾಲ್ಕು ಪ್ರಶ್ನೆಗಳಾಗಿಯೇ ಉಳಿದಿವೆ. ಕುಟ್ರುಗಳಲ್ಲಿ ಎರಡು ಜಾತಿಯ ದನಿ ತೀರ ಹತ್ತಿರ, ಟಿ.ವಿ.ಯ ಹಿನ್ನೆಲೆಯಲ್ಲಿ ಬೇರ್ಪಡಿಸಲು ಹೋಗದೆ ‘ಯಾವುದೋ ಕುಟ್ರು’ ಎಂದು ಬರೆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಪಾವಗಡದ ಸೌರ ವಿದ್ಯುತ್ ಪಾರ್ಕಿನ ಬಗ್ಗೆ ಒಂದು ವರದಿ ಬಂತು. 2,050 ಮೆಗಾವಾಟ್, ಕಣ್ಣು ಹಾಯುವವರೆಗೂ ನೀಲಿ ಫಲಕಗಳು. ವರದಿಗಾರ್ತಿ ಎರಡು ಸಾಲಿನ ನಡುವೆ ನಿಂತಿದ್ದರು. ಅವರು ಉಸಿರೆಳೆದುಕೊಂಡಾಗ ಹಿಂದೆ ಏನೋ ಕೂಗಿತು. ನನಗೆ ಹೊಳೆಯಲಿಲ್ಲ. ವಿಡಿಯೊ ತೆಗೆದು ಆ್ಯಪ್‌ಗೆ ಕೇಳಿಸಿದೆ. ವರದಿಗಾರ್ತಿಯ ದನಿಯ ನಡುವೆ ಅದಕ್ಕೂ ಸಿಗಲಿಲ್ಲ. ಐದಾರು ಸಲ ಹಿಂದೆ ಮುಂದೆ ಓಡಿಸುತ್ತಿದ್ದಾಗ, ಅವರೆಕಾಳು ಬಿಡಿಸುತ್ತ ಕುಳಿತಿದ್ದ ಅತ್ತೆ ತಲೆ ಎತ್ತದೆ, ‘ಎಷ್ಟು ಸಲ ಕೇಳುತ್ತೀಯಮ್ಮ, ಗೌಜಲಕ್ಕಿ ಅದು’ ಎಂದರು.

‘ನಿಮಗೆ ಹೇಗೆ ಗೊತ್ತು ಅತ್ತೆ?’

‘ನಮ್ಮ ತವರಿನ ಹೊಲದ ಬದುವಿನಲ್ಲಿ ಬೆಳಗಾಗೆದ್ದರೆ ಇದೇ. ಒಂದು ಶುರು ಮಾಡಿದರೆ ಇನ್ನೊಂದು ಸೇರಿಕೊಳ್ಳುತ್ತದೆ. ಇಲ್ಲಿ ಎರಡಿವೆ, ಸರಿಯಾಗಿ ಕೇಳು.’

ಕೇಳಿದೆ. ‘ಕ-ಟೀ-ತರ್, ಕ-ಟೀ-ತರ್’, ಅದರ ಬೆನ್ನಿಗೇ ಇನ್ನೊಂದು ದನಿ, ಸ್ವಲ್ಪ ಎಡಕ್ಕೆ. ಝೀನೋ-ಕ್ಯಾಂಟೋ ತಾಣದಲ್ಲಿ ಹೋಲಿಸಿದೆ, ಈಬರ್ಡ್ ನಕ್ಷೆ ನೋಡಿದೆ, ನೆರಳಿನ ಉದ್ದ ಅಳೆದೆ. ಆಮೇಲೆ ಬರೆದೆ: ಪಾವಗಡ, ಬೆಳಿಗ್ಗೆ, ಗೌಜಲಕ್ಕಿ, ಎರಡು. ಖಚಿತ. ಗುರುತಿಸಿದವರು: ಅತ್ತೆ.